ಮನೆಗಿಂತ ಮೊದಲು ಜಾಗ

ಚಿಂಚೋಳಿಯಿಂದ ಮುಲ್ಲಾಮಾರಿ ನದಿ ದಾಟಿ ಚಂದಾಪುರಕ್ಕೆ ಬಂದರೆ ಊರು ಯಾವ ದಿಕ್ಕಿಗೆ ಬೆಳೆಯುತ್ತಿದೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ತೊಗರಿ ನಿಲ್ಲುತ್ತಿದ್ದ ಹೊಲಗಳಲ್ಲಿ ಸುಣ್ಣ ಬಳಿದ ಕಲ್ಲುಗಳು ಸಾಲಾಗಿ ನಿಂತಿವೆ, ಅವುಗಳ ನಡುವೆ ಮರಂ ಹಾಕಿದ ರಸ್ತೆಗಳಿವೆ. ಕೃಷಿಯೇತರ ಬಳಕೆಗೆ ಪರಿವರ್ತಿಸಿದ ಇವನ್ನು ಎನ್.ಎ. ಪ್ಲಾಟುಗಳು ಎನ್ನುತ್ತಾರೆ. ಕಚೇರಿಗಳು ಈ ಕಡೆಗೇ ಇರುವುದರಿಂದ ನೌಕರರು, ಶಿಕ್ಷಕರು, ಅಂಗಡಿಕಾರರು ಕೊಳ್ಳುತ್ತಾರೆ. ಹೈದರಾಬಾದು, ಪುಣೆಯಲ್ಲಿ ವರ್ಷಗಟ್ಟಲೆ ದುಡಿದು ನಾಲ್ಕು ಕಾಸು ಉಳಿಸಿದವರೂ ಕೊಳ್ಳುತ್ತಾರೆ. ಸ್ವಂತದ್ದೊಂದು ಮನೆ ಇರಲಿ ಎಂದು ಅವರು ಬಯಸುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಪ್ಲಾಟುಗಳಲ್ಲಿ ಪಾಯ ತೋಡುವ ಕೂಲಿಯವರು, ಗೋಡೆ ಏರಿಸುವ ಗೌಂಡಿಗಳು, ಬಜಾರಿನಲ್ಲಿ ಮೂಟೆ ಹೊರುವ ಹಮಾಲರು, ಕಸ ಗುಡಿಸುವ ಪೌರಕಾರ್ಮಿಕರು ಈ ಊರಿನಲ್ಲಿ ಎಲ್ಲಿರಬೇಕು? ಆ ಪ್ರಶ್ನೆಗೆ ಉತ್ತರವಾಗಿ ಒಂದು ತುಂಡು ನೆಲವನ್ನೂ ನಾವು ಗುರುತು ಮಾಡಿಟ್ಟಿಲ್ಲ.

ಮನೆಯ ಯೋಜನೆಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಆಶ್ರಯದಿಂದ ಹಿಡಿದು ವಾಜಪೇಯಿ ನಗರ ವಸತಿ, ಅಂಬೇಡ್ಕರ್ ನಿವಾಸ, 2015ರ ಜೂನ್‌ನಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯವರೆಗೆ ಹೆಸರುಗಳ ಸಾಲೇ ಇದೆ. 2024ರಲ್ಲಿ ಆವಾಸ್ ಯೋಜನೆಯ ಎರಡನೇ ಆವೃತ್ತಿ ಬಂತು. ಐದು ವರ್ಷಗಳಲ್ಲಿ ನಗರ, ಪಟ್ಟಣಗಳ 1 ಕೋಟಿ ಕುಟುಂಬಗಳಿಗೆ ಮನೆ ಎಂಬುದು ಅದರ ಗುರಿ. ವರ್ಷಕ್ಕೆ 3 ಲಕ್ಷ ರೂಪಾಯಿಯೊಳಗೆ ಆದಾಯ ಇರುವವರು ತಾವೇ ಮನೆ ಕಟ್ಟಿಕೊಂಡರೆ ಕೇಂದ್ರದಿಂದ 1.5 ಲಕ್ಷ, ರಾಜ್ಯದಿಂದ ಕನಿಷ್ಠ 1 ಲಕ್ಷ ರೂಪಾಯಿ ಸಿಗಬೇಕು. ಚಿಂಚೋಳಿಯಂಥ ಪುರಸಭೆಯ ಊರುಗಳಲ್ಲಿ ಹೆಚ್ಚಿನ ಬಡವರಿಗೆ ಒದಗುವ ಮುಖ್ಯ ದಾರಿ ಇದೇ. ಆದರೆ ಆ ಬಾಗಿಲಲ್ಲೇ ಒಂದು ಷರತ್ತು ನಿಂತಿದೆ. ಜಾಗ ನಿಮ್ಮ ಹೆಸರಿನಲ್ಲಿರಬೇಕು, ಕಾಗದ ಸರಿ ಇರಬೇಕು. "ಜಾಗಾನೇ ಇಲ್ಲಂದ್ರ ಮನಿ ಎಲ್ಲಿ ಕಟ್ಟೂದ್ರಿ?" ಎಂದು ಹೆಣ್ಣುಮಕ್ಕಳು ಕೇಳುತ್ತಾರೆ. ಅರ್ಜಿಯ ಯಾವ ಕಾಲಮ್ಮಿನಲ್ಲೂ ಈ ಪ್ರಶ್ನೆಗೆ ಜಾಗವಿಲ್ಲ.

ಕಾಗದದ ಮಾತಿಗೆ ಬಂದರೆ ನಮ್ಮ ಕಲಬುರಗಿ ಜಿಲ್ಲೆ ದೊಡ್ಡದೊಂದು ಪಾಠವನ್ನು ಕಣ್ಣಾರೆ ಕಂಡಿದೆ. 2023ರ ಜನವರಿ 19ರಂದು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರು ತಾಂಡಾಗಳ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಗೆ ಚಾಲನೆ ಕೊಟ್ಟರು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ ಜನ ಅವರು, ಬಹುಪಾಲು ಲಂಬಾಣಿಗಳು. ಅಜ್ಜನ ಕಾಲದಿಂದ ಅದೇ ನೆಲದಲ್ಲಿದ್ದರೂ ಆ ನೆಲ ಇನ್ನೊಬ್ಬರ ಪಹಣಿಯಲ್ಲಿತ್ತು. ಕರೆಂಟು ಬಂದಿತ್ತು, ಮತದಾರರ ಚೀಟಿ ಬಂದಿತ್ತು. ಆದರೆ ಬ್ಯಾಂಕಿನವರು ಸಾಲ ಕೊಡುತ್ತಿರಲಿಲ್ಲ, ಮನೆಯ ಯೋಜನೆಯಲ್ಲಿ ಹೆಸರು ಹತ್ತುತ್ತಿರಲಿಲ್ಲ. ಇದಕ್ಕೆ ದಾರಿ ಮಾಡಿದ್ದು ಅದಕ್ಕೂ ಕೆಲವು ವರ್ಷ ಮೊದಲು ಸಿದ್ದರಾಮಯ್ಯ ಸರ್ಕಾರ ಭೂಸುಧಾರಣಾ ಕಾಯ್ದೆಗೆ ಸೇರಿಸಿದ 38ಎ ಕಲಂ. ಖಾಸಗಿ ಜಮೀನಿನಲ್ಲಿರುವ ದಾಖಲೆಯಿಲ್ಲದ ವಸತಿಗಳ ನಿವಾಸಿಗಳಿಗೆ ಮನೆಯಡಿಯ ನೆಲದ ಹಕ್ಕು ಕೊಡುವ ಕಲಂ ಅದು. ಶ್ರೇಯ ಯಾರದ್ದು ಎಂದು ಪಕ್ಷಗಳು ಜಗಳವಾಡಿದವು. ನನಗೆ ಮುಖ್ಯವಾಗಿ ಕಂಡಿದ್ದು ಬೇರೆ: ಒಂದು ಸರ್ಕಾರ ಕಾನೂನು ಮಾಡಿತು, ಇನ್ನೊಂದು ಅದನ್ನು ಮುಂದುವರಿಸಿತು, ಜನರ ಕೈಗೆ ಕಾಗದ ಬಂತು. ಮನಸ್ಸಿದ್ದರೆ ನೆಲದ ಪ್ರಶ್ನೆ ಬಗೆಹರಿಯುತ್ತದೆ.

ತಾಂಡಾಗಳಿಗೆ ಸಾಧ್ಯವಾದದ್ದು ಪಟ್ಟಣದ ಬಡ ಓಣಿಗಳಿಗೆ ಯಾಕೆ ಆಗಬಾರದು? 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಬಿ-ಖಾತಾ ಅಭಿಯಾನ ಆರಂಭಿಸಿತು. ಅನುಮೋದನೆಯಿಲ್ಲದ ಬಡಾವಣೆಗಳಲ್ಲಿ ಪ್ಲಾಟು ಕೊಂಡು ಕೂತವರ ಆಸ್ತಿ ಆ ಮೂಲಕ ತೆರಿಗೆಯ ಲೆಕ್ಕಕ್ಕೆ ಬಂತು. ಬೇಕಾದದ್ದೇ. ಆದರೆ ಅದು ನೋಂದಣಿ ಪತ್ರ ಇದ್ದವರಿಗೆ, ಅಂದರೆ ಒಮ್ಮೆ ಕೊಳ್ಳುವಷ್ಟು ಹಣ ಹೊಂದಿಸಿದವರಿಗೆ ಒದಗಿದ ಅನುಕೂಲ. ಹಳ್ಳದ ದಂಡೆಯಲ್ಲಿ ತಗಡು ಹೊದಿಸಿಕೊಂಡು ಇರುವವರ ಬಳಿ ಯಾವ ಪತ್ರವೂ ಇಲ್ಲ. ಅವರು ಎ ಖಾತೆಯಲ್ಲೂ ಇಲ್ಲ, ಬಿ ಖಾತೆಯಲ್ಲೂ ಇಲ್ಲ.

ನೀರಿನ ದಂಡೆಯ ವಾಸ ಎಂಥದ್ದೆಂದು ಮುಲ್ಲಾಮಾರಿ ತೋರಿಸಿದೆ. ನಾಗರಾಳ ಜಲಾಶಯ ತುಂಬಿ ಗೇಟು ತೆಗೆದರೆ ಕೆಳಗಿನ ಊರುಗಳ ಜನ ಸಾಮಾನು ಕಟ್ಟಬೇಕು. 2020ರ ಅಕ್ಟೋಬರ್ ಮಳೆಯನ್ನು ಕಲಬುರಗಿ ಜಿಲ್ಲೆ ಮರೆತಿಲ್ಲ. ಅಪಾಯ ನೀರಿನಿಂದ ಮಾತ್ರವಲ್ಲ: ಅದರ ಮರುವರ್ಷ ಅದೇ ತಿಂಗಳಲ್ಲಿ ನಮ್ಮ ತಾಲ್ಲೂಕಿನ ಗಡಿಕೇಶ್ವಾರ ನಡುಗಿತು. ಅಕ್ಟೋಬರ್ 11ರ ರಾತ್ರಿಯ ಕಂಪನದ ಪ್ರಮಾಣ 4.1. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬಂದು ಹೋದರು. ಜನ ಮಾತ್ರ ಮನೆಯೊಳಗೆ ಮಲಗಲು ಹೆದರಿ ಬಯಲಲ್ಲಿ ರಾತ್ರಿ ಕಳೆದರು, ಎಷ್ಟೋ ಕುಟುಂಬಗಳು ಊರನ್ನೇ ಬಿಟ್ಟು ನೆಂಟರ ಮನೆ ಸೇರಿದವು. ಅವರ ಭಯಕ್ಕೆ ಕಾರಣವಿದೆ. 1993ರ ಸೆಪ್ಟೆಂಬರ್ 30ರಂದು ಹತ್ತಿರದ ಲಾತೂರು ಜಿಲ್ಲೆಯ ಕಿಲ್ಲಾರಿಯ ಭೂಕಂಪದಲ್ಲಿ ಸಾವಿರಾರು ಜನರ ಜೀವ ತೆಗೆದದ್ದು ಮಣ್ಣಿನಲ್ಲಿ ಕಲ್ಲು ಕೂಡಿಸಿದ ದಪ್ಪ ಗೋಡೆಗಳು, ಅವುಗಳ ಮೇಲಿನ ಭಾರದ ಮಾಳಿಗೆಗಳು. ನಮ್ಮ ಹಳ್ಳಿಗಳ ಹಳೆಯ ಮನೆಗಳೂ ಅದೇ ಬಗೆಯವು. ಆದ್ದರಿಂದ ಮನೆಯ ಮಂಜೂರಾತಿ ಎಂಬುದು ಇಲ್ಲಿ ಜೀವ ಉಳಿಸುವ ಕೆಲಸ.

ಇನ್ನು ಹಣದ ಕಷ್ಟ. ಸಹಾಯಧನ ಒಂದೇ ಸಲ ಬರುವುದಿಲ್ಲ. ಪಾಯ, ಲಿಂಟಲ್, ಸ್ಲ್ಯಾಬ್, ಹೀಗೆ ಹಂತ ಮುಗಿದಂತೆ ಫೋಟೊ ತೆಗೆದು ಏರಿಸಬೇಕು, ಆಮೇಲೆ ಬಿಲ್ಲು. ಅಂದರೆ ಮೊದಲು ಕೈಯಿಂದ ಹಾಕಬೇಕು. ಎರೆಮಣ್ಣಿನ ನೆಲವಾದರೆ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿಬಿಡುತ್ತದೆ. ಆಳವಾಗಿ ತೋಡದಿದ್ದರೆ ಗೋಡೆ ಸೀಳುತ್ತದೆ. ಎಷ್ಟೋ ಬಡವರ ಹಣ ಪಾಯದಲ್ಲೇ ಮುಗಿಯುತ್ತದೆ. ಬಿಲ್ಲು ತಡವಾದರೆ ಬಡ್ಡಿಗೆ ತರುತ್ತಾರೆ, ಆ ಬಡ್ಡಿ ತೀರಿಸಲು ಮತ್ತೆ ಮುಂಬೈಗೋ ಹೈದರಾಬಾದಿಗೋ ದುಡಿಯಲು ಹೋಗುತ್ತಾರೆ. ಮನೆ ಲಿಂಟಲ್ ಮಟ್ಟದಲ್ಲೇ ನಿಲ್ಲುತ್ತದೆ. ವಾಡಿ, ಸೇಡಂ, ಮಳಖೇಡದ ಕಾರ್ಖಾನೆಗಳು ದೇಶಕ್ಕೆಲ್ಲ ಸಿಮೆಂಟು ಕಳಿಸುತ್ತವೆ. ಶಹಾಬಾದಿನ ಫರ್ಸಿ ದೂರದೂರದ ಮನೆಗಳ ನೆಲಕ್ಕೆ ಹೋಗಿದೆ. ಆ ಸುಣ್ಣಕಲ್ಲು ಅಗೆದದ್ದು ನಮ್ಮ ನೆಲದಿಂದ, ಅದರ ಧೂಳು ಬೀಳುವುದೂ ನಮ್ಮ ಮೇಲೆಯೇ. 2025ರ ಸೆಪ್ಟೆಂಬರ್‌ನಲ್ಲಿ ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು, ಅದಷ್ಟೇ ಸಾಲದು. ಗಣಿಯ ಪಕ್ಕದ ತಾಲ್ಲೂಕುಗಳ ವಸತಿ ಫಲಾನುಭವಿಗಳಿಗೆ ರಿಯಾಯಿತಿ ದರದಲ್ಲಿ ಸಿಮೆಂಟು ಕೊಡಿ ಎಂದು ಜಿಲ್ಲಾಡಳಿತ ಆ ಕಂಪನಿಗಳನ್ನು ಕೂರಿಸಿ ಕೇಳಬೇಕು. ಸಾಮಾಜಿಕ ಹೊಣೆಯ ಹೆಸರಿನಲ್ಲಿ ಕಾನೂನೇ ಅವರಿಂದ ಖರ್ಚು ಮಾಡಿಸುತ್ತಿರುವಾಗ ಇದು ಅತಿಯಾದ ಬೇಡಿಕೆಯಲ್ಲ.

ನಿವೇಶನ ಕೊಡುವುದಾದರೂ ಎಲ್ಲಿ ಎಂಬ ವಿಚಾರದಲ್ಲಿ ನನ್ನ ಮಾತು ಇನ್ನೂ ಖಚಿತ. ಅಗ್ಗವಾಗಿ ಸಿಕ್ಕಿತೆಂದು ಊರಿನಿಂದ ದೂರದ ಗುಡ್ಡದ ಬುಡದಲ್ಲಿ ನಿವೇಶನ ಹಂಚಿ, ಕಾಲೊನಿ ಎಂದು ಫಲಕ ನೆಡುವ ರೂಢಿಯನ್ನು ಬಿಡಬೇಕು. ದಿನಗೂಲಿಯವರು ಬೆಳಗಿನ ಆರು ಗಂಟೆಗೆ ಕೆಲಸದ ನಾಕಾದಲ್ಲಿ ನಿಂತಿರಬೇಕು. ಆಟೊದಲ್ಲಿ ಹೋಗಿ ಬರುವ ಖರ್ಚು ಕೂಲಿಯಲ್ಲಿ ಮುರಿದುಕೊಂಡರೆ ಮನೆಗೆ ಏನು ಉಳಿದೀತು? ನಲ್ಲಿಯಿಲ್ಲ, ಶಾಲೆಯಿಲ್ಲ, ಸಂಜೆ ಮೇಲೆ ಹೆಣ್ಣುಮಕ್ಕಳು ಓಡಾಡಲು ಬೆಳಕಿಲ್ಲ. ಅಂಥ ಕಡೆ ಮನೆ ಕಟ್ಟಿಕೊಂಡವರು ಬೀಗ ಹಾಕಿ ಊರೊಳಗಿನ ಬಾಡಿಗೆ ಖೋಲಿಗೆ ಮರಳುತ್ತಾರೆ. ಆಮೇಲೆ ಅಧಿಕಾರಿಗಳು, ಕೊಟ್ಟರೂ ಇರುವುದಿಲ್ಲ ಎಂದು ಅವರನ್ನೇ ದೂರುತ್ತಾರೆ.

ಊರಿನ ಹತ್ತಿರ ಸರ್ಕಾರಿ ಜಮೀನು ಇಲ್ಲ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಸ್ವಲ್ಪವಾದರೂ ಇದೆಯೋ ಇಲ್ಲವೋ ಎಂಬುದು ಅಳತೆ ಮಾಡಿದರೆ ತಾನೇ ಗೊತ್ತಾಗುವುದು? ಒತ್ತುವರಿ ತೆರವು ಮಾಡಲಿ. ನಿಜಕ್ಕೂ ಇಲ್ಲವೆಂದಾದರೆ ಚಂದಾಪುರದ ಸುತ್ತ ರೈತರಿಂದ ಮಾರುಕಟ್ಟೆ ಬೆಲೆಗೇ ಕೊಳ್ಳಲಿ. ರಸ್ತೆ, ಭವನಗಳಿಗೆ ಕೋಟಿಗಟ್ಟಲೆ ಕೊಡುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನಕ್ಕೆ ಇದಕ್ಕಿಂತ ಒಳ್ಳೆಯ ಬಳಕೆ ಯಾವುದಿದೆ? ಖಾಸಗಿ ಬಡಾವಣೆಗೆ ಅನುಮೋದನೆ ಕೊಡುವಾಗ ಉದ್ಯಾನಕ್ಕೆ, ರಸ್ತೆಗೆ ಜಾಗ ಬಿಡಿಸಿಕೊಳ್ಳುವಂತೆಯೇ ಬಡ ಕುಟುಂಬಗಳ ಸಣ್ಣ ನಿವೇಶನಗಳಿಗೂ ಒಂದು ಪಾಲು ಬಿಡಿಸಿಕೊಳ್ಳುವ ನಿಯಮವನ್ನು ರಾಜ್ಯ ಸರ್ಕಾರ ತರಲಿ. ಈಗ ತಂದರೆ ಉಪಯೋಗ. ಇರುವ ಹೊಲಗಳೆಲ್ಲ ಪ್ಲಾಟಾದ ಮೇಲೆ ತಂದರೆ ಕೊಡಲು ನೆಲ ಉಳಿದಿರುವುದಿಲ್ಲ.

ಹಳ್ಳಿಯಲ್ಲಿ ಫಲಾನುಭವಿಯ ಹೆಸರು ಗ್ರಾಮಸಭೆಯಲ್ಲಿ ಎಲ್ಲರೆದುರು ಬರಬೇಕು. ಪಟ್ಟಣದಲ್ಲಿ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ ಕೂತು ಪಟ್ಟಿ ಮಾಡುತ್ತದೆ. ಚಿಂಚೋಳಿ ಪುರಸಭೆ ಆ ಪಟ್ಟಿಯನ್ನು ವಾರ್ಡುಗಳಲ್ಲಿ ಜನ ಸೇರಿಸಿ ಓದಿ ಹೇಳಲಿ, ಯಾರಿಗೆ ಜಾಗ ಇದೆ, ಯಾರಿಗೆ ಇಲ್ಲ ಎಂದು ಬೇರೆ ಬೇರೆ ಬರೆಯಲಿ. ಜಾಗವಿಲ್ಲದವರ ಪಟ್ಟಿಯನ್ನು ತಹಸೀಲ್ದಾರರಿಗೆ ಕೊಟ್ಟು, ಇಷ್ಟು ಎಕರೆ ಬೇಕು, ಇಂಥ ಕಡೆ ಬೇಕು ಎಂದು ಠರಾವು ಮಾಡಲಿ. ಮುಂದಿನ ಸಾಮಾನ್ಯ ಸಭೆಯ ವಿಷಯಸೂಚಿಯಲ್ಲಿ ಇದನ್ನು ಮೊದಲ ವಿಷಯವಾಗಿ ಇಡಬೇಕೆಂದು ಪುರಸಭೆಯ ಎಲ್ಲ ಸದಸ್ಯರನ್ನು ಈ ಅಂಕಣದ ಮೂಲಕ ಕೇಳುತ್ತಿದ್ದೇನೆ.