ಹೆಸರು ಕೇಳುವ ಬಾಗಿಲು

ಕರ್ನಾಟಕ ಸರ್ಕಾರದ ಮಾಹಿತಿ ತಂತ್ರಜ್ಞಾನ ಖಾತೆಯ ಮಾನ್ಯ ಸಚಿವರಿಗೆ ಸವಿನಯ ವಿಜ್ಞಾಪನೆ.

ಮಾನ್ಯರೇ,

ಸಾರ್ವಜನಿಕ ಗ್ರಂಥಾಲಯಗಳಲ್ಲಿ ಮೂವತ್ತೊಂದು ವರ್ಷ ಸೇವೆ ಸಲ್ಲಿಸಿ ನಿವೃತ್ತನಾದವನು ನಾನು. ಕೆಲಸಕ್ಕೆ ಸೇರಿದ ಮೊದಲನೆಯ ವಾರದಲ್ಲಿ, ಪುಸ್ತಕಗಳನ್ನು ವರ್ಗೀಕರಿಸುವ ಕ್ರಮವನ್ನು ಕಲಿಸುವುದಕ್ಕೂ ಮುನ್ನ, ಅಂದಿನ ಹಿರಿಯ ಗ್ರಂಥಪಾಲಕರು ನನಗೆ ಹೇಳಿಕೊಟ್ಟ ಪಾಠವೆಂದರೆ, ಎರವಲಿನ ರಿಜಿಸ್ಟರನ್ನು ಮೇಜಿನ ಮೇಲೆ ತೆರೆದಿಟ್ಟು ಎದ್ದುಹೋಗಕೂಡದೆಂಬುದು. ಯಾರು ಯಾವ ಪುಸ್ತಕವನ್ನು ಒಯ್ದರೆಂಬುದು ಓದುಗನಿಗೂ ಗ್ರಂಥಾಲಯಕ್ಕೂ ನಡುವಣ ಮಾತು; ಗರ್ಭಕೋಶದ ವ್ಯಾಧಿಗಳನ್ನು ಕುರಿತ ಪುಸ್ತಕವನ್ನು ಸೆರಗಿನ ಮರೆಯಲ್ಲಿ ಹಿಡಿದು ತಂದ ಗೃಹಿಣಿಯ ಹೆಸರನ್ನಾಗಲಿ, ಜಮೀನು ಹರಾಜಿಗೆ ಬಂದಿರಲು ಋಣಪರಿಹಾರದ ಕಾನೂನನ್ನು ಹುಡುಕಿಕೊಂಡು ಬಂದ ರೈತನ ಹೆಸರನ್ನಾಗಲಿ, ಸಾಲಿನಲ್ಲಿ ಹಿಂದೆ ನಿಂತವನ ಕಣ್ಣಿಗೆ ಬೀಳಗೊಡುವುದು ವಿಶ್ವಾಸಘಾತವೆಂದು ಅವರು ಭಾವಿಸಿದ್ದರು. ಆ ಭಾವನೆ ನನ್ನಲ್ಲಿಯೂ ನೆಲೆನಿಂತಿತು. ಅದರ ಬಲದಿಂದಲೇ ಇಂದು ತಮಗೆ ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ಏಕೆಂದರೆ ಗ್ರಂಥಾಲಯಗಳಲ್ಲಿ, ಬಸ್ ನಿಲ್ದಾಣಗಳಲ್ಲಿ, ಆಸ್ಪತ್ರೆಗಳ ಹೊರಾಂಗಣಗಳಲ್ಲಿ ಜನಕ್ಕೆ ಉಚಿತವಾಗಿ ದೊರೆಯುತ್ತಿರುವ ವೈಫೈ, ಎಷ್ಟೋ ಕಡೆ, ಮೇಜಿನ ಮೇಲೆ ತೆರೆದಿಟ್ಟ ಆ ರಿಜಿಸ್ಟರಿಗಿಂತಲೂ ಹೆಚ್ಚು ತೆರೆದುಕೊಂಡಿದೆಯೆಂದು ನನಗೆ ಮನವರಿಕೆಯಾಗಿದೆ.

ವಾಚನಾಲಯದ ಮೇಜುಗಳ ಮೇಲೆ ಈಗ ಪುಸ್ತಕಗಳಿಗೆ ಸಮನಾಗಿ ಮೊಬೈಲುಗಳಿರುವುದನ್ನು ಕಂಡು ಖೇದಪಡುವವರ ಪಂಕ್ತಿಯಲ್ಲಿ ನಾನಿಲ್ಲ. ಎರ್ನಾಕುಳಂ ರೈಲು ನಿಲ್ದಾಣದಲ್ಲಿ ಹೊರೆ ಹೊರುತ್ತಿದ್ದ ತರುಣನೊಬ್ಬನು, ನಿಲ್ದಾಣದ ಉಚಿತ ವೈಫೈಯ ಆಶ್ರಯದಿಂದ ಪಾಠಗಳನ್ನು ಇಳಿಸಿಕೊಂಡು, ತಲೆಯ ಮೇಲೆ ಪೆಟ್ಟಿಗೆಯಿರುವಾಗಲೂ ಕಿವಿಯಲ್ಲಿ ಅವನ್ನು ಕೇಳುತ್ತ, 2018ರಲ್ಲಿ ಕೇರಳದ ಲೋಕಸೇವಾ ಆಯೋಗದ ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾದನೆಂಬ ವಾರ್ತೆಯನ್ನು ಓದಿದ ದಿನ ನನಗಾದ ಸಂತೋಷ ಇಷ್ಟಷ್ಟಲ್ಲ. 2014ರ ಜನವರಿಯಲ್ಲಿ ಬೆಂಗಳೂರಿನ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ ಮೊದಲಾದೆಡೆಗಳಲ್ಲಿ ‘ನಮ್ಮ ವೈಫೈ’ ಆರಂಭವಾಯಿತು. 2016ರ ಜನವರಿಯಲ್ಲಿ ಮುಂಬಯಿ ಸೆಂಟ್ರಲ್‌ನಿಂದ ಹೊರಟ ರೈಲ್ವೆಯ ವೈಫೈ 2021ರ ಮೇ ತಿಂಗಳ ಹೊತ್ತಿಗೆ ಆರು ಸಾವಿರ ನಿಲ್ದಾಣಗಳನ್ನು ಮುಟ್ಟಿತು. ಚಹಾದಂಗಡಿಯವನೂ ಕಿರಾಣಿಯವನೂ ಲೈಸೆನ್ಸ್ ಶುಲ್ಕವಿಲ್ಲದೆ ವೈಫೈ ಒದಗಿಸಬಹುದೆಂಬ ಪಿಎಂ-ವಾಣಿ ಯೋಜನೆಗೆ ಕೇಂದ್ರ ಸಂಪುಟ 2020ರ ಡಿಸೆಂಬರಿನಲ್ಲಿ ಒಪ್ಪಿಗೆಯಿತ್ತಿತು. ಇವೆಲ್ಲವೂ ಬಡವನ ಜ್ಞಾನಾರ್ಜನೆಗೆ ತೆರೆದ ಬಾಗಿಲುಗಳು. ಅವು ಮುಚ್ಚಬೇಕೆಂದು ನಾನು ಬಯಸುವವನಲ್ಲ.

ಕಳೆದ ಮಾಗಿಯಲ್ಲಿ ಒಂದು ತಾಲ್ಲೂಕು ಕೇಂದ್ರದ ವಾಚನಾಲಯದಲ್ಲಿ ಪತ್ರಿಕೆ ಓದುತ್ತ ಕುಳಿತಿದ್ದೆ. ವಿದ್ಯಾರ್ಥಿವೇತನದ ಅರ್ಜಿಗೆ ಅಂದೇ ಕಡೆಯ ದಿನ. ಪಕ್ಕದ ಹಳ್ಳಿಯಿಂದ ಬಂದ ಪದವಿ ತರಗತಿಯ ಹುಡುಗಿಯೊಬ್ಬಳು, ಗಾಜು ಒಡೆದು ಅಂಟುಪಟ್ಟಿ ಹಚ್ಚಿದ್ದ ತನ್ನ ತಂದೆಯ ಮೊಬೈಲನ್ನು ನನ್ನ ಮುಂದೆ ಹಿಡಿದು, “ಸಾರ್, ಇದ್ರಲ್ಲಿ ನಮ್ ಲೈಬ್ರರಿದು ಯಾವ್ದು?” ಎಂದಳು. ಪರದೆಯ ಮೇಲೆ ಎರಡು ಹೆಸರುಗಳಿದ್ದುವು: ಒಂದು ‘ಲೈಬ್ರರಿ ಫ್ರೀ ವೈಫೈ’, ಮತ್ತೊಂದು ‘ಲೈಬ್ರರಿ ವೈಫೈ ಫ್ರೀ’. ಎರಡರ ಮುಂದೆಯೂ ಬೀಗದ ಗುರುತಿರಲಿಲ್ಲ. ಎರಡನೆಯದರ ಸಿಗ್ನಲ್ ಹೆಚ್ಚಾಗಿತ್ತಾಗಿ ಆಕೆಯ ಹೆಬ್ಬೆರಳು ಆಗಲೇ ಅದರ ಮೇಲೆ ಬರುತ್ತಿತ್ತು. ನಾನು ತಡೆದು, ಕೌಂಟರಿನಲ್ಲಿದ್ದವರನ್ನು ವಿಚಾರಿಸಿದೆ. “ಪೆಟ್ಟಿಗೆ ಹಾಕ್ದೋರು ಕಂಟ್ರಾಕ್ಟರು ಸಾರ್, ನಮಗೇನೂ ಹೇಳಿಲ್ಲ” ಎಂದರು. ಗೋಡೆಯ ಮೇಲೆ ಧೂಳು ಹಿಡಿದಿದ್ದ ಪೆಟ್ಟಿಗೆಯ ಕೆಳಗೆ ಬರೆದಿದ್ದ ನಂಬರಿಗೆ ಮೂರು ಸಲ ಕರೆಮಾಡಿದೆ. ಸ್ವಿಚ್ ಆಫ್ ಆಗಿತ್ತು. ಆ ಮಗುವಿನ ಕೈಯ ಪ್ಲಾಸ್ಟಿಕ್ ಕವರಿನಲ್ಲಿ ಆಧಾರ್ ಕಾರ್ಡಿನ ಜೆರಾಕ್ಸು, ಜಾತಿ ಮತ್ತು ಆದಾಯದ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ ಇವಿಷ್ಟೂ ಇದ್ದುವು. ಒಂದು ಕುಟುಂಬದ ಸಮಸ್ತ ಗುರುತು. ಮೂವತ್ತೊಂದು ವರ್ಷ ಗ್ರಂಥಾಲಯದಲ್ಲಿದ್ದ ನಾನು, ಗ್ರಂಥಾಲಯದೊಳಗೇ ಕುಳಿತು, ಗ್ರಂಥಾಲಯದ ವಸ್ತು ಯಾವುದೆಂದು ಅವಳಿಗೆ ಹೇಳಲಾರದೆ ಹೋದೆ. ಆಕೆ ಬಸ್ ನಿಲ್ದಾಣದ ಬಳಿಯ ಕಂಪ್ಯೂಟರ್ ಸೆಂಟರಿಗೆ ಹೋಗಿ ದುಡ್ಡು ಕೊಟ್ಟು ಅರ್ಜಿ ತುಂಬಿಸಿಕೊಂಡಳು.

ಆ ಎರಡನೆಯ ಹೆಸರು ವಂಚಕನದೋ, ಪಕ್ಕದ ಅಂಗಡಿಯವನದೋ, ಅದೇ ಗುತ್ತಿಗೆದಾರನು ಹಾಕಿದ ಇನ್ನೊಂದು ಪೆಟ್ಟಿಗೆಯದೋ, ಇಂದಿಗೂ ನನಗೆ ಗೊತ್ತಾಗಿಲ್ಲ. ಗೊತ್ತಾಗುವ ಮಾರ್ಗವೇ ಇಲ್ಲದಿರುವುದು ನನ್ನ ದೂರಿನ ಮೂಲ.

ಏಕೆಂದರೆ, ಮಾನ್ಯರೇ, ಈ ಜಾಲಗಳು ಬಳಸುವವನ ಗುರುತನ್ನು ಮಾತ್ರ ಕೇಳದೆ ಬಿಡುವುದಿಲ್ಲ. ಮೊದಲು ಮೊಬೈಲ್ ನಂಬರು, ಬಳಿಕ ಒಟಿಪಿ, ಆಮೇಲೆ ಪ್ರವೇಶ. ಇದಕ್ಕೆ ಕಾರಣವುಂಟು, ಅದು ಸಕಾರಣವೂ ಹೌದು. 2008ರ ಜುಲೈಯಲ್ಲಿ ಅಹಮದಾಬಾದಿನ ಸ್ಫೋಟಗಳಿಗೆ ಕೆಲವೇ ನಿಮಿಷ ಮುಂಚೆ ಬಂದ ಬೆದರಿಕೆಯ ಇಮೇಲು, ನವಿ ಮುಂಬಯಿಯಲ್ಲಿ ವಾಸವಾಗಿದ್ದ ಅಮೆರಿಕದ ಪ್ರಜೆಯೊಬ್ಬನ ಭದ್ರವಿಲ್ಲದ ವೈಫೈಯಿಂದ ಹೊರಟಿತ್ತು. ಮರುವರ್ಷದ ಫೆಬ್ರವರಿಯಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ, ಸಾರ್ವಜನಿಕ ವೈಫೈ ಬಳಸುವವರ ಗುರುತನ್ನು ದಾಖಲಿಸಿಕೊಳ್ಳತಕ್ಕದ್ದೆಂದು ನಿರ್ದೇಶಿಸಿತು. ದುಷ್ಟನನ್ನು ಪತ್ತೆಹಚ್ಚುವ ಅಧಿಕಾರ ಪ್ರಭುತ್ವಕ್ಕೆ ಬೇಡವೆನ್ನುವಷ್ಟು ನಾನು ಲೋಕಜ್ಞಾನಶೂನ್ಯನಲ್ಲ. ಆದರೆ ಅಂದಿನಿಂದ ಇಂದಿನವರೆಗೆ ಪರಿಚಯ ಒಂದೇ ಕಡೆಯಿಂದ ನಡೆದುಬಂದಿದೆ: ಬಾಗಿಲು ಬಂದವನ ಹೆಸರನ್ನು ಕೇಳುತ್ತದೆ, ಬಂದವನಿಗೆ ಬಾಗಿಲಿನ ಹೆಸರನ್ನು ಕೇಳುವ ಉಪಾಯವಿಲ್ಲ. ನಮ್ಮ ಹಳ್ಳಿಗಳಲ್ಲಿ ಊರು, ಮನೆತನ ವಿಚಾರಿಸುವವನು ಮೊದಲು ತನ್ನದನ್ನು ಹೇಳಿಕೊಳ್ಳುವುದು ಮರ್ಯಾದೆ. ಆ ಮರ್ಯಾದೆಯನ್ನು ಯಂತ್ರಕ್ಕೂ ಕಲಿಸಬಹುದೆಂಬುದೇ ನನ್ನ ಅರಿಕೆ.

ವೈಫೈ ಪೆಟ್ಟಿಗೆಯು ಗಾಳಿಯಲ್ಲಿ ಸಾರುವ ಹೆಸರಿಗೆ ಯಾವ ನೋಂದಣಿಯೂ ಇಲ್ಲ. ಯಾರು ಯಾವ ಹೆಸರನ್ನು ಬೇಕಾದರೂ ಇಟ್ಟುಕೊಳ್ಳಬಹುದು. ಮೊಬೈಲಾದರೋ ಒಮ್ಮೆ ಹೋಗಿಬಂದ ಜಾಲದ ಹೆಸರನ್ನು ನೆನಪಿಟ್ಟುಕೊಂಡು, ಮತ್ತೆ ಅದೇ ಹೆಸರು ಕಿವಿಗೆ ಬಿದ್ದೊಡನೆ, ಒಡೆಯನನ್ನು ಕೇಳದೆಯೇ ಅದರೊಡನೆ ಕೂಡಿಕೊಳ್ಳುವುದು ಸಾಮಾನ್ಯ. 2024ರಲ್ಲಿ ಆಸ್ಟ್ರೇಲಿಯದ ಒಳನಾಡಿನ ವಿಮಾನವೊಂದರಲ್ಲಿ ಸಂಶಯಾಸ್ಪದವಾದ ವೈಫೈ ಕಾಣಿಸಿತೆಂದು ವಿಮಾನಸಂಸ್ಥೆಯ ನೌಕರರು ದೂರಿತ್ತರು. ಪರ್ತ್ ವಿಮಾನ ನಿಲ್ದಾಣದಲ್ಲಿ ಪೊಲೀಸರು ಒಬ್ಬ ಪ್ರಯಾಣಿಕನ ಕೈಚೀಲವನ್ನು ಶೋಧಿಸಲು, ಅಲ್ಲಿ ದೊರೆತದ್ದು ಅಂಗೈಯಲ್ಲಿ ಹಿಡಿಯಬಹುದಾದ ಒಂದು ವೈಫೈ ಸಾಧನ, ಒಂದು ಲ್ಯಾಪ್‌ಟಾಪು, ಒಂದು ಮೊಬೈಲು, ಇಷ್ಟೆ. ಆ ಸಾಧನವು ನಿಜವಾದ ಜಾಲದ ಹೆಸರನ್ನೇ ಹೊತ್ತ ಪ್ರತಿರೂಪವೊಂದನ್ನು ಸೃಷ್ಟಿಸಿ, ಅದಕ್ಕೆ ಸಿಕ್ಕಿದವರ ಮುಂದೆ ಒಂದು ಪುಟ ತೆರೆದು, ಇಮೇಲಿನ ಅಥವಾ ಸಾಮಾಜಿಕ ಜಾಲತಾಣದ ಹೆಸರನ್ನೂ ಪಾಸ್‌ವರ್ಡನ್ನೂ ಬೇಡುತ್ತಿತ್ತು. ಕೇಳಿದ್ದನ್ನೆಲ್ಲ ತುಂಬಿಯೇ ಒಳಗೆ ಹೋಗಬೇಕೆಂಬ ಅಭ್ಯಾಸವನ್ನು ನಮ್ಮ ಜನಕ್ಕೆ ಕಲಿಸಿದ್ದು ನಿಜವಾದ ಬಾಗಿಲುಗಳೇ ಅಲ್ಲವೆ?

ಇದಕ್ಕೆ ತಮ್ಮ ಇಲಾಖೆಯ ತಜ್ಞರು, ಈಗ ಬಹುತೇಕ ಎಲ್ಲ ಜಾಲತಾಣಗಳೂ ಗೂಢಲಿಪಿಯಲ್ಲಿಯೇ ವ್ಯವಹರಿಸುತ್ತವೆ, ನಡುವೆ ಕುಳಿತು ಕದ್ದು ಓದುವುದು ಹಿಂದಿನಷ್ಟು ಸುಲಭವಲ್ಲ, ಎಂದು ಉತ್ತರ ಕೊಟ್ಟಾರು. ಆ ಮಾತು ಸತ್ಯ. 2010ರಲ್ಲಿ ಫೈರ್‌ಶೀಪ್ ಎಂಬ ಒಂದು ಸಣ್ಣ ತಂತ್ರಾಂಶವು, ಕಾಫಿ ಅಂಗಡಿಯ ತೆರೆದ ವೈಫೈಯಲ್ಲಿ ಪಕ್ಕದ ಮೇಜಿನವನ ಫೇಸ್‌ಬುಕ್ ಖಾತೆಯನ್ನು ಒಂದೆರಡು ಕ್ಲಿಕ್ಕಿನಲ್ಲಿ ಹೊಕ್ಕು ತೋರಿಸಿ ಲೋಕವನ್ನು ಬೆಚ್ಚಿಬೀಳಿಸಿದ ಮೇಲೆ, ದೊಡ್ಡ ತಾಣಗಳು ಒಂದೊಂದಾಗಿ ಬಾಗಿಲಿಗೆ ಬೀಗ ಹಾಕಿಕೊಂಡುವು. ಆದರೂ ಬೀಗ ಬಿದ್ದಿರುವುದು ಪತ್ರದ ಒಡಲಿಗೆ. ಲಕೋಟೆಯ ಮೇಲಿನ ವಿಳಾಸವು ಈಗಲೂ ಬಹುಮಟ್ಟಿಗೆ ಬಯಲಾಗಿಯೇ ಇದೆ. ಯಾವ ಆಸ್ಪತ್ರೆಯ ತಾಣವನ್ನು, ಯಾವ ಸಾಲದ ಕಂಪನಿಯ ತಾಣವನ್ನು, ಯಾವ ವಿವಾಹವಿಚ್ಛೇದನದ ವಕೀಲರ ತಾಣವನ್ನು ನಾನು ನೋಡಿದೆನೆಂಬುದು ಜಾಲವನ್ನು ನಡೆಸುವವನಿಗೆ ಸಾಮಾನ್ಯವಾಗಿ ಕಾಣುತ್ತದೆ. ಬೀಗವಿಲ್ಲದ ಜಾಲವಾದರೆ ಹತ್ತಿರ ಕುಳಿತ ಕುಶಲಿಗೂ ಕಾಣುತ್ತದೆ. ನನ್ನ ಗುರುಗಳು ಮುಚ್ಚಿಡಹೇಳಿದ ರಿಜಿಸ್ಟರಿನಲ್ಲಿ ಇದ್ದದ್ದೂ ಅಷ್ಟೇ ತಾನೆ? ಪುಸ್ತಕದ ಒಳಗಿನ ಪುಟಗಳು ಅದರಲ್ಲಿರಲಿಲ್ಲ, ಹೆಸರು ಮಾತ್ರ ಇತ್ತು. ಒಬ್ಬ ಮನುಷ್ಯನ ಸಂಕಟವನ್ನು ಊಹಿಸುವುದಕ್ಕೆ ಹೆಸರು ಸಾಕು.

ಗೋಡೆಯ ಮೇಲೆ ಪಾಸ್‌ವರ್ಡ್ ಬರೆದು ಅಂಟಿಸುವುದನ್ನೂ ಕೆಲವೆಡೆ ಭದ್ರತೆಯೆಂದು ಭಾವಿಸಲಾಗಿದೆ. ಬಹುಕಡೆ ಇನ್ನೂ ಬಳಕೆಯಲ್ಲಿರುವ ಡಬ್ಲ್ಯುಪಿಎ2 ಎಂಬ ವಿಧಾನದಲ್ಲಿ, ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇರುವಾಗ, ಅದನ್ನು ಬಲ್ಲವನು ಇತರರ ಸಂಪರ್ಕ ಆರಂಭವಾಗುವ ಕ್ಷಣವನ್ನು ಹಿಡಿದುಕೊಂಡರೆ ಅವರ ಸಂಚಾರವನ್ನೂ ಬಿಡಿಸಿ ನೋಡಬಲ್ಲ. ಊರಿಗೆಲ್ಲ ಒಂದೇ ಕೀಲಿಕೈ ಹಂಚಿ ಮನೆಗೆ ಬೀಗ ಹಾಕಿದಂತೆ.

ನಿಜವಾದ ಬಾಗಿಲೇ ಕೆಡುವುದೂ ಉಂಟು. 2024ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಹಲವು ದೊಡ್ಡ ರೈಲು ನಿಲ್ದಾಣಗಳ ವೈಫೈಗೆ ಕೂಡಿಕೊಂಡ ಪ್ರಯಾಣಿಕರಿಗೆ ಎಂದಿನ ಸ್ವಾಗತದ ಪುಟಕ್ಕೆ ಬದಲಾಗಿ ಒಂದು ಧರ್ಮದವರ ಮೇಲಿನ ದ್ವೇಷದ ಬರಹ ಕಾಣಿಸಿತು. ಸೇವೆಯಲ್ಲಿ ಪಾಲುಗೊಂಡಿದ್ದ ಕಂಪನಿಯೊಂದರ ನೌಕರನನ್ನೇ ಅಲ್ಲಿನ ಪೊಲೀಸರು ಬಂಧಿಸಿದರು. ಗುತ್ತಿಗೆಯ ಮೇಲೆ ಗುತ್ತಿಗೆ ಬಂದಾಗ ಕೀಲಿಕೈ ಯಾರ ಕೈಯಲ್ಲಿದೆಯೆಂಬುದು ಒಡೆಯನಿಗೇ ಮರೆತುಹೋಗುತ್ತದೆ.

ನನ್ನದೇ ಒಂದು ಅನುಭವವನ್ನು ಹೇಳುತ್ತೇನೆ. ಊರಿನ ಹೆಸರು ಬೇಡ. ಬಸ್ಸಿಗಾಗಿ ಕಾಯುತ್ತಿದ್ದಾಗ, ಉಚಿತ ವೈಫೈಗೆ ಕೂಡಿಕೊಳ್ಳಹೋದೆ. ತೆರೆದುಕೊಂಡ ಇಂಗ್ಲಿಷ್ ಪುಟವು ನಂಬರಿನ ಜೊತೆಗೆ ನನ್ನ ಹೆಸರು, ಜನ್ಮದಿನಾಂಕ, ಇಮೇಲು, ಪಿನ್‌ಕೋಡು ಎಲ್ಲವನ್ನೂ ಕೇಳಿತು. ಕೆಳಗೆ ಅತಿ ಸಣ್ಣ ಅಕ್ಷರಗಳ ಕರಾರು, ಅದರ ಪಕ್ಕದ ಚೌಕದಲ್ಲಿ ನನ್ನ ಪರವಾಗಿ ಮುಂಚಿತವಾಗಿಯೇ ಹಾಕಿದ್ದ ಒಪ್ಪಿಗೆಯ ಗುರುತು. ಬಸ್ಸು ಬರುವ ಆತುರದಲ್ಲಿ ತುಂಬಿಬಿಟ್ಟೆ. ಆ ವಾರದಿಂದ ಸಾಲ ಬೇಕೇ, ನಿವೇಶನ ಬೇಕೇ, ಎಂದು ನನ್ನ ಪೂರ್ಣ ಹೆಸರು ಹಿಡಿದು ಕರೆಗಳು ಬರತೊಡಗಿದುವು. ಅದಕ್ಕೂ ಇದಕ್ಕೂ ಸಂಬಂಧವುಂಟೆಂದು ಪ್ರಮಾಣಮಾಡಿ ಹೇಳಲಾರೆ. ಆ ಪುಟದಲ್ಲಿ ಕೊಟ್ಟದ್ದು ಎಲ್ಲಿ ಹೋಯಿತು, ಎಂದು ಅಳಿಯುತ್ತದೆ, ಯಾರನ್ನು ಕೇಳಬೇಕು ಎಂಬ ಮೂರು ಪ್ರಶ್ನೆಗಳಿಗೂ ಅಲ್ಲಿ ಉತ್ತರವಿರಲಿಲ್ಲವೆಂಬುದನ್ನು ಮಾತ್ರ ಪ್ರಮಾಣಮಾಡಿ ಹೇಳಬಲ್ಲೆ.

ಖಾಸಗಿತನವು ಸಂವಿಧಾನ ಕೊಟ್ಟ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರು 2017ರ ಆಗಸ್ಟ್ 24ರಂದು ಏಕಮತದಿಂದ ಸಾರಿದ ತೀರ್ಪು, ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದು ನಿವೃತ್ತರಾದ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಸಲ್ಲಿಸಿದ ಅರ್ಜಿಯ ಫಲ. 2024ರಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ದೇಶಕ್ಕೆಲ್ಲ ಈ ಹಕ್ಕನ್ನು ದೊರಕಿಸಿಕೊಟ್ಟ ಹಿರಿಯರ ನಾಡಿನಲ್ಲಿ, ಸರ್ಕಾರದ ಗೋಡೆಗೆ ತಗುಲಿದ ಒಂದು ಪೆಟ್ಟಿಗೆ ಆ ಹಕ್ಕನ್ನು ಅರಿಯದಿರುವುದು ನನಗೆ ನೋವಿನ ಸಂಗತಿ. ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು, ಒಪ್ಪಿಗೆಯೆಂಬುದು ಕೊಡುವವನ ಸ್ವಂತ ಕ್ರಿಯೆಯಿಂದ ವ್ಯಕ್ತವಾಗಬೇಕೆಂದೂ, ಉದ್ದೇಶಕ್ಕೆ ಬೇಕಾದಷ್ಟು ವಿವರವನ್ನು ಮಾತ್ರ ಕೇಳಬೇಕೆಂದೂ, ಅದರ ಸೂಚನೆಯನ್ನು ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಪಡೆಯುವ ಅವಕಾಶವಿರಬೇಕೆಂದೂ ಹೇಳುತ್ತದೆ. ಕನ್ನಡ ಆ ಅನುಸೂಚಿಯಲ್ಲಿದೆ.

ಸಾರ್ವಜನಿಕ ವೈಫೈಯಲ್ಲಿ ಬ್ಯಾಂಕಿನ ವ್ಯವಹಾರ ಮಾಡದಿರಿ ಎಂಬ ಎಚ್ಚರಿಕೆಯನ್ನು ನಾವೆಲ್ಲ ಕೇಳಿದ್ದೇವೆ. ಒಳ್ಳೆಯ ಎಚ್ಚರಿಕೆಯೇ. ಆದರೆ ತಿಂಗಳ ಡೇಟಾ ಪ್ಯಾಕು ಇರುವವನಿಗೆ ಆ ಎಚ್ಚರಿಕೆಯಿಂದ ನಷ್ಟವೇನೂ ಇಲ್ಲ. ಅವನು ಉಚಿತ ವೈಫೈಯ ಹಂಗಿನಲ್ಲಿಲ್ಲ. ಪ್ಯಾಕು ಮುಗಿದು, ಅರ್ಜಿಗೆ ಕಡೆಯ ದಿನ ಬಂದು, ಗ್ರಂಥಾಲಯದ ಮೆಟ್ಟಿಲು ಹತ್ತಿದವಳಿಗೆ “ಇಲ್ಲಿ ಬೇಡ” ಎಂದರೆ, ಮತ್ತೆಲ್ಲಿ ಎಂದು ಹೇಳುವ ಹೊಣೆಯೂ ನಮ್ಮ ಮೇಲಿದೆ.

ಆದಕಾರಣ ತಮ್ಮಲ್ಲಿ ಬೇಡಿಕೊಳ್ಳುತ್ತೇನೆ. ರಾಜ್ಯದ ಗ್ರಂಥಾಲಯಗಳಲ್ಲಿ, ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ, ಬಸ್ ನಿಲ್ದಾಣಗಳಲ್ಲಿ ವೈಫೈ ಇರುವೆಡೆಯೆಲ್ಲ, ಅದರ ಯಥಾರ್ಥವಾದ ಹೆಸರು, ನಡೆಸುವವರು ಯಾರು, ಹೊಣೆಯ ಅಧಿಕಾರಿಯ ದೂರವಾಣಿ ಯಾವುದು ಎಂಬುದನ್ನು ಕನ್ನಡದಲ್ಲಿ ಬರೆದ ಫಲಕವಿರಲಿ. ಇದಕ್ಕೆ ಬೇಕಾದದ್ದು ಒಂದು ತಗಡು, ಒಂದು ಡಬ್ಬಿ ಬಣ್ಣ. ಪ್ರವೇಶದ ಪುಟ ಕನ್ನಡದಲ್ಲಿರಲಿ. ನಂಬರಿನ ಹೊರತು ಬೇರೇನನ್ನೂ ಕೇಳದಿರಲಿ. ದಾಖಲೆ ಎಂದು ಅಳಿಯುವುದೆಂದು ಅದೇ ಪುಟ ತಿಳಿಸಲಿ. ಆ ನಂಬರನ್ನು ಮತ್ತೊಬ್ಬರಿಗೆ ಕೊಡಕೂಡದೆಂಬ ಕರಾರು ಟೆಂಡರಿನಲ್ಲಿಯೇ ಇರಲಿ. ಪಾಸ್‌ವರ್ಡಿಲ್ಲದ ಜಾಲದಲ್ಲಿಯೂ ಪ್ರತಿಯೊಂದು ಮೊಬೈಲಿಗೂ ಬೇರೆ ಬೇರೆ ಗೂಢಲಿಪಿಯನ್ನು ಒದಗಿಸುವ ವ್ಯವಸ್ಥೆ 2018ರಿಂದಲೇ ಲಭ್ಯವಿದೆ. ಹೊಸದಾಗಿ ಕೊಳ್ಳುವ ಪೆಟ್ಟಿಗೆಗಳಲ್ಲಿ ಅದು ಕಡ್ಡಾಯವಾಗಲಿ, ಒಬ್ಬರ ಮೊಬೈಲು ಇನ್ನೊಬ್ಬರದನ್ನು ಮುಟ್ಟದಂತೆ ನಡುವೆ ಗೋಡೆಯೂ ಇರಲಿ. ಅದರಿಂದ ಕದ್ದುಕೇಳುವುದು ತಪ್ಪೀತೇ ಹೊರತು ಪ್ರತಿರೂಪದ ಮೋಸ ತಪ್ಪದು. ಅದಕ್ಕೂ ಮಾರ್ಗವುಂಟು: ವಿಶ್ವವಿದ್ಯಾಲಯಗಳ ನಡುವೆ, ನಮ್ಮ ದೇಶದಲ್ಲಿ ಅರ್ನೆಟ್ ಸಂಸ್ಥೆಯ ಮೂಲಕ, ನಡೆಯುತ್ತಿರುವ ಎಜುರೋಮ್ ಎಂಬ ವ್ಯವಸ್ಥೆಯಲ್ಲಿ, ಸರಿಯಾಗಿ ಅಳವಡಿಸಿದ ಮೊಬೈಲು ತನ್ನ ಗುರುತನ್ನು ಕೊಡುವ ಮೊದಲು ಎದುರಿನ ಜಾಲದ ಪ್ರಮಾಣಪತ್ರವನ್ನು ತಾನೇ ಪರೀಕ್ಷಿಸುತ್ತದೆ. ಪ್ರಾಧ್ಯಾಪಕರಿಗೂ ಸಂಶೋಧಕರಿಗೂ ದೊರೆತಿರುವ ಈ ಉಭಯಪರಿಚಯವು ಗ್ರಂಥಾಲಯದ ಕಾರ್ಡು ಹೊಂದಿದ ಸಾಮಾನ್ಯ ಓದುಗನಿಗೂ ದೊರೆಯುವಂತೆ ರಾಜ್ಯವು ಒಂದು ಜಿಲ್ಲೆಯಲ್ಲಾದರೂ ಪ್ರಯೋಗ ಮಾಡಬಾರದೇಕೆ?

ವಿದ್ಯಾರ್ಥಿವೇತನದ ಅರ್ಜಿಗಳು ಬರುವ ವರ್ಷವೂ ಕರೆಯಲ್ಪಡುತ್ತವೆ, ಆ ಹುಡುಗಿಗೆ ಇನ್ನೊಂದು ವರ್ಷದ ಓದು ಉಳಿದಿದೆ. ಅಷ್ಟರೊಳಗೆ ಆ ವಾಚನಾಲಯದ ಗೋಡೆಯ ಮೇಲೆ ಫಲಕವೊಂದು ಬಂದಿರಬೇಕೆಂಬುದು ನನ್ನ ಪ್ರಾರ್ಥನೆ. ಇಲಾಖೆ ಒಪ್ಪುವುದಾದರೆ ಅದರ ಒಕ್ಕಣೆಯನ್ನು ಬರೆದುಕೊಡಲು ನಾನು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಗ್ರಂಥಪಾಲಕ