ಎಣ್ಣೆ ಹಾಕುವವನ ಕೈ

ಕಬ್ಬಿನ ಹಂಗಾಮಿನಲ್ಲಿ ತುಕ್ಕಾನಟ್ಟಿ ಸೀಮೆಯ ಯಾವದಾದರೂ ಬೆಲ್ಲದ ಗಾಣದ ಮುಂದೆ ಅರ್ಧ ತಾಸು ನಿಂತು ನೋಡಿರಿ. ಮೋಟರು ಓಡುತ್ತಿರುತ್ತದೆ, ಪಟ್ಟಾ ತಿರುಗುತ್ತಿರುತ್ತದೆ, ಉರುಳೆಗಳ ನಡುವೆ ಕಬ್ಬು ನುರಿಯುತ್ತಿರುತ್ತದೆ. ಹಲ್ಲುಗಾಲಿ ಕಿರುಗುಟ್ಟಿದೊಡನೆ ಒಬ್ಬ ಆಳು ಎಣ್ಣೆಯ ಡಬ್ಬಿ ಹಿಡಿದು ಬರುತ್ತಾನೆ. ಗಾಣ ನಿಲ್ಲಿಸುವದಿಲ್ಲ. ನಿಲ್ಲಿಸಿದರೆ ಕೊಪ್ಪರಿಗೆಗೆ ಹಾಲು ಸಾಲದು, ಒಲೆಯ ಉರಿ ವ್ಯರ್ಥ, ಮೇಲೆ ಮಾಲಕನ ಬಾಯಿ. ತಿರುಗುವ ಹಲ್ಲುಗಳ ಮೇಲೆಯೇ ಅವನು ಕೈ ಚಾಚುತ್ತಾನೆ. ಅಂಗಿಯ ತೋಳು ಸಡಿಲು, ಹೆಗಲ ಮೇಲೆ ಟಾವೆಲು. ಆ ತೋಳು ಒಮ್ಮೆ ಹಲ್ಲಿಗೆ ಸಿಕ್ಕರೆ ಮುಂದಾಗುವದನ್ನು ಬರೆಯಬೇಕಾಗಿಲ್ಲ. ಅಂಥ ಕೈಗಳನ್ನು ನಮ್ಮ ಹಳ್ಳಿಯ ವಾಚಕರು ಬಲ್ಲರು.

1948ರ ಕಾರಖಾನೆ ಕಾಯಿದೆ ಮಾಡಿದವರಿಗೆ ಈ ಕೈ ಕಂಡಿತ್ತು. ತಿರುಗುವ ಯಂತ್ರಕ್ಕೆ ಎಣ್ಣೆ ಹಾಕುವ ಕೆಲಸವನ್ನು ಅದಕ್ಕೆಂದೇ ತರಬೇತಿಯಾದ ವಯಸ್ಕ ಗಂಡಾಳೇ ಮಾಡಬೇಕು, ಅವನ ಹೆಸರು ದಾಖಲೆಯಲ್ಲಿರಬೇಕು, ಮೈಗೆ ಬಿಗಿಯಾದ ಬಟ್ಟೆಯಿರಬೇಕು, ಆ ಬಟ್ಟೆಯನ್ನು ಮಾಲಕನೇ ಕೊಡಬೇಕು ಎಂದು ಅದರ 22ನೆಯ ಕಲಮು ಹೇಳಿತ್ತು. 1887ರಿಂದ ಘಟಪ್ರಭೆಯ ನೀರಿನ ಬಲದ ಮೇಲೆ ನಡೆದ ಗೋಕಾಕದ ನೂಲಿನ ಗಿರಣಿಗೆ, ಹುಕ್ಕೇರಿ ತಾಲೂಕಿನ ಸಂಕೇಶ್ವರದ ಸಕ್ಕರೆ ಕಾರಖಾನೆಗೆ ಈ ಕಲಮು ಅನ್ವಯಿಸಿತು. ಗಾಣದವರೆಗೆ ಬರಲಿಲ್ಲ. ಯಂತ್ರಶಕ್ತಿ ಬಳಸುವಲ್ಲಿ ಹತ್ತು ಆಳುಗಳಿದ್ದರೆ ಮಾತ್ರ ಅದು ಕಾರಖಾನೆಯೆನಿಸುತ್ತಿತ್ತು. 2020ರ ವೃತ್ತಿ ಸುರಕ್ಷತಾ ಸಂಹಿತೆ 2025ರ ನವೆಂಬರ 21ರಂದು ಜಾರಿಗೆ ಬಂದು ಹತ್ತನ್ನು ಇಪ್ಪತ್ತು ಮಾಡಿತು. ಹದಿನೈದು ಆಳುಗಳ ಗಾಣವೂ ಈಗ ಆ ವ್ಯಾಖ್ಯೆಯ ಹೊರಗೆ. ಹಲ್ಲುಗಾಲಿಯೇನು ಆಳುಗಳನ್ನು ಎಣಿಸಿ ಕಚ್ಚುತ್ತದೆಯೇ?

ಇನ್ನು ಪೇಟೆಯಲ್ಲಿ ಸಿಗುವ ಕರೀ ಎಣ್ಣೆಯ ಮಾತು. ಗ್ರಾಫೈಟು ಬೆರೆಸಿದ್ದು, ಇದನ್ನು ಹಾಕಿದರೆ ಮೇಲಿಂದ ಮೇಲೆ ಎಣ್ಣೆ ಬೇಡ ಎಂಬ ಮಾತು ಕೇಳುತ್ತೇವೆ. ಇದರಲ್ಲಿ ನಿಜವಿದೆ, ಉತ್ಪ್ರೇಕ್ಷೆಯೂ ಇದೆ. 1883ರ ಸುಮಾರಿಗೆ ಇಂಗ್ಲೆಂಡಿನ ಬ್ಯೂಚಾಂಪ್ ಟವರ ಎಂಬ ಎಂಜಿನಿಯರನು ರೈಲ್ವೆ ಬೇರಿಂಗಿನ ನೆತ್ತಿಯಲ್ಲಿ ಒಂದು ತೂತು ಕೊರೆದನು. ಅಚ್ಚು ತಿರುಗತೊಡಗಿದೊಡನೆ ಒಳಗಿನ ಎಣ್ಣೆ ಆ ತೂತಿನಿಂದ ಮೇಲೆದ್ದು ಬಂತು. ಬೆಣೆ ಜಡಿದರೆ ಬೆಣೆಯನ್ನೇ ಹೊರಗೆ ದಬ್ಬಿತು! ತಿರುಗುವ ಅಚ್ಚು ಎಣ್ಣೆಯನ್ನು ತಾನೇ ಒಳಗೆಳೆದುಕೊಂಡು ಅದರ ಪೊರೆಯ ಮೇಲೆ ತೇಲುತ್ತದೆಂದು 1886ರಲ್ಲಿ ಆಸ್ಬೋರ್ನ ರೇನಾಲ್ಡ್ಸನು ಲೆಕ್ಕ ಹಾಕಿ ತೋರಿಸಿದನು. ಆದರೆ ಪೊರೆ ಕಟ್ಟಬೇಕಾದರೆ ವೇಗ ಬೇಕು. ಕಬ್ಬಿನ ಉರುಳೆಯೋ ಮೆಲ್ಲಗೆ ತಿರುಗುತ್ತದೆ, ಹೊರುವ ಭಾರ ವಿಪರೀತ. ಎಣ್ಣೆ ಹಿಂಡಿಹೋಗಿ ಲೋಹಕ್ಕೆ ಲೋಹ ತಾಗುತ್ತದೆ. ಗ್ರಾಫೈಟಿನ ಉಪಯೋಗ ಅಲ್ಲಿದೆ. ಪೆನ್ಸಿಲಿನ ಕಡ್ಡಿಯಲ್ಲಿರುವದೂ ಅದೇ ಇಂಗಾಲ. ಪದರ ಪದರವಾಗಿ ಜಾರುತ್ತದೆ, ಎಣ್ಣೆ ಸರಿದ ಮೇಲೂ ಲೋಹಕ್ಕೆ ಅಂಟಿ ಉಳಿಯುತ್ತದೆ. ಸಕ್ಕರೆ ಗಿರಣಿಗಳ ತೆರೆದ ಹಲ್ಲುಗಾಲಿಗಳಿಗೆ ಗ್ರಾಫೈಟಿನ ಗ್ರೀಸು ಹಚ್ಚುವದು ಇದಕ್ಕಾಗಿಯೇ.

ಆದರೆ ಅದೇ ಪುಡಿ ತಳಕ್ಕಿಳಿದು ಎಣ್ಣೆಯ ಬತ್ತಿಯನ್ನೂ ಸಣ್ಣ ನಳಿಕೆಯನ್ನೂ ಕಟ್ಟಿಬಿಡಬಲ್ಲದು. ವಿದ್ಯುತ್ತು ಅದರೊಳಗಿಂದ ಹರಿಯುವದರಿಂದ ಮೋಟರಿನ ತಂತಿಗಳ ಹತ್ತಿರ ಅದು ಸಲ್ಲದು. ತೊಟ್ಟಿಕ್ಕಿದರೆ ಕಬ್ಬಿನ ಹಾಲಿಗೇ ಬೀಳುತ್ತದೆ. ಬೆಲ್ಲ ತಿನ್ನುವವರು ನಾವೇ.

1966ರಲ್ಲಿ ಬ್ರಿಟನ್ನಿನ ಜೋಸ್ಟ ಸಮಿತಿಯು, ಸವೆತ ಘರ್ಷಣೆಗಳನ್ನು ಸರಿಯಾಗಿ ನೋಡಿಕೊಂಡರೆ ವರುಷಕ್ಕೆ 51.5 ಕೋಟಿ ಪೌಂಡು ಉಳಿದೀತೆಂದು ವರದಿ ಕೊಟ್ಟಿತು. ಪೌಂಡಿನ ಲೆಕ್ಕ ಸರಿಯೇ. ಕೈಗಳ ಲೆಕ್ಕವನ್ನೂ ಅದರೊಡನೆ ಹಿಡಿಯಬೇಕೆಂಬುದು ನಮ್ಮ ವಾದ. ದಿನಕ್ಕೆ ಹತ್ತು ಸಲ ಹಾಕುವ ಎಣ್ಣೆಯನ್ನು ಎರಡು ಸಲಕ್ಕೆ ಇಳಿಸುವ ಸಂಶೋಧನೆ ಎಂಟು ಸಲ ಆ ಕೈಯನ್ನು ಹಲ್ಲಿನಿಂದ ದೂರವಿಡುತ್ತದೆ. ಉಳಿದ ಎರಡು ಸಲಕ್ಕೆ ಗಾಣ ನಿಲ್ಲಲೇಬೇಕು. ಒಳ್ಳೆಯ ಎಣ್ಣೆ ತಂದೆನೆಂದು ಹಲ್ಲುಗಾಲಿಯ ಮುಚ್ಚಳ ತೆಗೆದಿಡುವ ಮಾಲಕನಿಗೆ ಯಾವ ಗ್ರಾಫೈಟೂ ನೆರವಾಗದು.

ಬೆಳಗಾವಿಯಲ್ಲಿ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯಿದೆ, 1998ರಿಂದ ತಾಂತ್ರಿಕ ವಿಶ್ವವಿದ್ಯಾಲಯವಿದೆ. ತುಕ್ಕಾನಟ್ಟಿಯಲ್ಲಿಯೇ ಕೃಷಿ ವಿಜ್ಞಾನ ಕೇಂದ್ರವಿದೆ. ಬೀಜ ಗೊಬ್ಬರ ತೋರಿಸುವ ಅಂಗಳದಲ್ಲಿ ಮುಚ್ಚಳ ಹಾಕಿದ ಒಂದು ಗಾಣವನ್ನೂ ನಿಲ್ಲಿಸಲಿ: ಹೊರಗೆ ನಿಂತೇ ಎಣ್ಣೆ ಹನಿಸುವ ಒಂದು ಗಜದ ನಳಿಕೆ, ಕಬ್ಬು ಕೊಡುವವನ ಕೈಗೆಟಕುವಲ್ಲಿ ಬಂದು ಮಾಡುವ ಗುಂಡಿ. ಇದಕ್ಕೆ ಪರದೇಶದ ಯಂತ್ರ ಬೇಕಿಲ್ಲ. ಮೂಡಲಗಿಯ ವೆಲ್ಡಿಂಗ ಅಂಗಡಿಯವನು ಮಾಡಿಕೊಟ್ಟಾನು.

ರಾಶಿಯ ಯಂತ್ರಗಳಲ್ಲಿ ರೈತರ ಕೈಗಳು ಹೋದ ಮೇಲೆ 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾಯಿದೆ ಬಂತು. ಹಳ್ಳಿಯ ಬೇರೆ ಯಂತ್ರಗಳನ್ನೂ ಅದರಡಿ ತರುವ ಅಧಿಕಾರ ಕೇಂದ್ರ ಸರಕಾರಕ್ಕಿದೆ. ಕಬ್ಬಿನ ಗಾಣಕ್ಕೂ ಅಂಥ ರಕ್ಷಣೆ ಬೇಕೆಂದು ಗೋಕಾಕ, ಮೂಡಲಗಿ, ಹುಕ್ಕೇರಿಯ ಪಂಚಾಯತಿಗಳು ಠರಾವು ಮಾಡಿ ಕಳಿಸಲಿ. ಹಂಗಾಮು ಸುರುವಾದ ಮೇಲೆ ಯಾರಿಗೂ ಪುರಸೊತ್ತಿರುವದಿಲ್ಲ; ಠರಾವು ಅದಕ್ಕೆ ಮೊದಲೇ ಆಗಲಿ.