ಗಾಡಿಗೆ ಜಾಗವುಂಟು, ಮನುಷ್ಯನಿಗಿಲ್ಲವೇ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಸಂತೆಯ ದಿನ ಯಾವ ಊರಿಗೆ ಹೋದರೂ ಒಂದೇ ನೋಟ. ತಲೆಯ ಮೇಲೆ ಬುಟ್ಟಿ, ಸೊಂಟದ ಮೇಲೆ ಕೂಸು ಹೊತ್ತ ತಾಯಿ ಸಾಲುಗಟ್ಟಿ ನಿಂತ ಬೈಕು, ಟಂಟಂ, ಕ್ರೂಸರ್‌ಗಳ ಸಂದಿಯಲ್ಲಿ ತೂರಿ ಹೋಗಬೇಕು. ಗಾಡಿಯನ್ನು ಹಿಂದಕ್ಕೆ ತೆಗೆಯುವ ಚಾಲಕನಿಗೆ ಹಿಂಬದಿಯ ಮಗು ಕಾಣುವುದಿಲ್ಲ. ಚೀರಾಟ ಕೇಳುವಷ್ಟರಲ್ಲಿ ಹೊತ್ತು ಮೀರಿರುತ್ತದೆ!

ಕೇಳಿದರೆ 'ಜಾಗವಿಲ್ಲ' ಎನ್ನುತ್ತಾರೆ. ಗಾಡಿಗೆ ಸಿಕ್ಕ ಜಾಗ ಮನುಷ್ಯನಿಗೇಕೆ ಸಿಗುವುದಿಲ್ಲ? ಪಾದಚಾರಿಗೆ ಕನಿಷ್ಠ 1.8 ಮೀಟರ್ ಅಗಲದ, ಅಡೆತಡೆಯಿಲ್ಲದ ದಾರಿ ಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುತ್ತದೆ. ಪಾದಚಾರಿ ಮಾರ್ಗ ಸಂವಿಧಾನದ 21ನೇ ವಿಧಿಯಡಿ ಬರುವ ಹಕ್ಕೆಂದು ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಸಾರಿದೆ. ನಾವು ಕೇಳುತ್ತಿರುವುದು ಭಿಕ್ಷೆಯಲ್ಲ!

ನಮ್ಮ ಬೇಡಿಕೆ ದೊಡ್ಡದೇನಲ್ಲ. ವಾಹನ ನಿಲ್ಲಿಸುವ ಪ್ರತಿ ಜಾಗದಲ್ಲೂ ನೇರವಾದ ಕಾಲುದಾರಿ ಬಿಡಿ. ಸುತ್ತು ಹಾಕಿಸಿದರೆ ಜನ ಮತ್ತೆ ಗಾಡಿಗಳ ಸಂದಿಗೇ ನುಗ್ಗುತ್ತಾರೆ. ಆ ದಾರಿಯನ್ನು ತುಸು ಎತ್ತರಿಸಿ, ಮುದುಕರು ಎಡವದಂತೆ ತುದಿಗೆ ಇಳಿಜಾರು ಕೊಡಿ. ಗಾಡಿ ಅಡ್ಡ ಹಾಯುವಲ್ಲಿ ಬಿಳಿ ಪಟ್ಟೆ ಬಳಿಯಿರಿ, ರಾತ್ರಿ ದೀಪ ಉರಿಸಿರಿ. ಎಚ್ಚರಿಕೆಯ ಫಲಕ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿರಲಿ. ಓದಲಾಗದ ಇಂಗ್ಲಿಷ್ ಫಲಕ ಯಾರ ಜೀವ ಉಳಿಸೀತು?

ಕನ್ನಡ ಬಂಧುಗಳೇ, ಇಂದೇ ನಿಮ್ಮೂರಿನ ಆಡಳಿತಕ್ಕೆ ಮನವಿ ಕೊಡಿ, ಸ್ವೀಕೃತಿ ಪಡೆಯಿರಿ, ಬೆನ್ನು ಹತ್ತಿ ಕೇಳಿರಿ. ಬಸವಣ್ಣನ ನೆಲದಲ್ಲಿ ಗಾಡಿ ಇದ್ದವನು ಮೇಲು, ಕಾಲ್ನಡಿಗೆಯವನು ಕೀಳು ಎಂಬುದು ನಡೆಯಕೂಡದು!